ಎಡಕ್ಕೆ ತಿರುಗಿದರೆ ಟ್ಯಾಂಕ್ ಫುಲ್

ಎಡಗಡೆ ಇಂಡಿಕೇಟರ್ ಹಾಕಿದರೆ ಸಾಕು, ನಮ್ಮ ಜೀಪಿನ ಡೀಸೆಲ್ ಮುಳ್ಳು ಕುಣಿಯಲು ಶುರು. ದೀಪ ಹತ್ತಿದಾಗ ಫುಲ್, ಆರಿದಾಗ ಖಾಲಿ. ಡೀಸೆಲ್ ಈ ರೇಟಿಗೆ ಹೋಗಿರುವಾಗ ಹೀಗೆ ಆಸೆ ತೋರಿಸಬಾರದು ಅಲ್ವಾ?

ಇದು ರಿಪೇರಿ ಆದ ಮೇಲಿನ ಕಥೆ. ಮೊದಲು ಮುಳ್ಳು ಅರ್ಧಕ್ಕೇ ಅಂಟಿಕೊಂಡಿತ್ತು. ಅರ್ಧ ಟ್ಯಾಂಕ್ ತೋರಿಸುತ್ತಲೇ ಗಾಡಿ ಮಂಡಗದ್ದೆ ಹತ್ತಿರ ನಿಂತಿತು. ಟ್ಯಾಂಕ್ ಖಾಲಿಯಾಗಿ ಡೀಸೆಲ್ ಪೈಪಿಗೆ ಏರ್ ಹೊಕ್ಕರೆ ಕ್ಯಾನಿನಲ್ಲಿ ಎಣ್ಣೆ ತಂದು ಸುರಿದರೂ ಸಾಲದು. ಬಾನೆಟ್ ಎತ್ತಿ, ಪಂಪ್ ಒತ್ತಿ, ಗುಳ್ಳೆ ನಿಲ್ಲುವವರೆಗೂ ಏರ್ ತೆಗೆಯಬೇಕು. ಅದೂ ಆ ಮಳೆಯಲ್ಲಿ.

ಡ್ಯಾಶ್‌ಬೋರ್ಡ್ ಬಿಚ್ಚಿದರೆ ಮೀಟರಿನ ಹಿಂದೆ ಇಲಿಗಳ ಊಟ ಮುಗಿದಿತ್ತು. ನಮ್ಮ ಎಲೆಕ್ಟ್ರಿಷಿಯನ್ ಹೊಸ ವೈರ್ ಎಳೆದರು. ಎಲ್ಲವೂ ಕೆಂಪು! ಇಂಡಿಕೇಟರಿಗೆ ಕೆಂಪು, ಟೆಂಪರೇಚರಿಗೆ ಕೆಂಪು, ಆಯಿಲ್ ದೀಪಕ್ಕೂ ಕೆಂಪು. "ಕರೆಂಟ್ ವಾಪಸ್ ಹೋಗೋ ಅರ್ತ್ ವೈರಿಗಾದ್ರೂ ಕಪ್ಪು ಹಾಕಿ" ಅಂದೆ. "ಕರೆಂಟಿಗೆ ಕಣ್ಣಿದೆಯಾ ಸಾರ್?" ಅಂದರು. ಅದಕ್ಕಿಲ್ಲ ಸ್ವಾಮಿ, ನಿಮಗಿದೆಯಲ್ಲ! ಈಗ ಮೀಟರ್ ಹೊರಗೆಳೆದರೆ ಬರೀ ಕೆಂಪು ಶಾವಿಗೆ. ಅವರೇ ಟೆಸ್ಟ್ ಬಲ್ಬ್ ಹಿಡಿದು ಒಂದೊಂದನ್ನೇ ಮುಟ್ಟುತ್ತಾ, "ಇದು ಆಯಿಲ್... ಅಲ್ಲ ಅಲ್ಲ, ಇದು ಟೆಂಪರೇಚರ್" ಎನ್ನುತ್ತಾರೆ. ನಡುವೆ ಫೋನ್ ಬರುತ್ತದೆ. ಮಾತು ಮುಗಿಸಿ ಬರುವಷ್ಟರಲ್ಲಿ ಮುಟ್ಟಿದ್ದು ಯಾವುದು, ಬಿಟ್ಟಿದ್ದು ಯಾವುದು? ಮತ್ತೆ ಮೊದಲಿಂದ.

ಕೊನೆಗೆ ಸಿಕ್ಕಿದ್ದು ತುಕ್ಕು ಹಿಡಿದ ಒಂದು ಸ್ಕ್ರೂ. ಮೀಟರಿನ ದೀಪ, ಮುಳ್ಳು ಎಲ್ಲದರ ಕರೆಂಟೂ ಆ ಸ್ಕ್ರೂ ಮೂಲಕವೇ ಜೀಪಿನ ಕಬ್ಬಿಣದ ಮೈಗೆ ಇಳಿಯಬೇಕು, ಅದೇ ಅರ್ತ್. ಅಲ್ಲಿ ದಾರಿ ಬಂದ್ ಆದರೆ ಇಂಡಿಕೇಟರಿನ ಕರೆಂಟ್ ಮುಳ್ಳಿನೊಳಗೆ ನುಗ್ಗುತ್ತದೆ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ್ದಷ್ಟೇ, ಕುಣಿತ ನಿಂತಿತು. ಇಷ್ಟಕ್ಕೆ ಒಂದಿಡೀ ರೋಲ್ ಕೆಂಪು ವೈರ್.

ಅಪ್ಪ ಮೀಟರನ್ನು ಯಾವತ್ತೂ ನಂಬಿದವರಲ್ಲ. ಸೀಟ್ ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಸಣ್ಣ ಅಡಿಕೆ ದಬ್ಬೆ ಇಳಿಸುತ್ತಿದ್ದರು. ಒದ್ದೆ ಎಲ್ಲಿಯವರೆಗಿದೆ ನೋಡಿ, "ಶಿವಮೊಗ್ಗಕ್ಕೆ ಹೋಗಿ ಬರಬಹುದು" ಎನ್ನುತ್ತಿದ್ದರು. ಹೋಗಿ ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಕೂತು ಆ ಡೀಸೆಲ್ ವಾಸನೆ ಕುಡಿಯುವುದು ನನಗೆ ಇಷ್ಟವಿತ್ತು.

ಈಗ ಹೊಸ ರಾಗ. ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಏರುತ್ತದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ.

"ಸದ್ಯಕ್ಕೆ ಹಗಲು ಓಡಿಸಿ ಸಾರ್, ಆಮೇಲೆ ನೋಡೋಣ."

ಆಗುಂಬೆ ಕಡೆ ಆಷಾಢದಲ್ಲಿ ಹಗಲು ಎಲ್ಲಿರುತ್ತೆ ಮಾರಾಯ್ರೇ?