ಆಗಸ್ಟ್ ತಿಂಗಳಲ್ಲಿ ಆಗುಂಬೆಯ ಸೂರ್ಯಾಸ್ತ: ಇಪ್ಪತ್ತು ನಿಮಿಷ

ನಿನ್ನೆ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಪತ್ರೊಡೆ ಮಾಡಿದ್ದಳು. ಎರಡನೆಯ ತುಂಡಿಗೆ ಕೈ ಹಾಕುವಷ್ಟರಲ್ಲಿ ಅವಳ ಮಗ ಲ್ಯಾಪ್‌ಟಾಪ್ ತಂದು ಬಾಳೆಲೆಯ ಪಕ್ಕದಲ್ಲಿಯೇ ಇಟ್ಟು, "ಮಾಮ, ಆಗಸ್ಟ್ 15 ಶುಕ್ರವಾರ ಬಂದಿದೆ. ಗುರುವಾರ ಒಂದು ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತೆ. ಎಲ್ಲರೂ ಕಾರಿನಲ್ಲೇ ಹೋಗಿ ಮಲೆನಾಡು, ಕರಾವಳಿ ಎರಡನ್ನೂ ಮುಗಿಸಿಕೊಂಡು ಬಂದುಬಿಡೋಣ ಅಂತ. ಪ್ಲಾನ್ ಒಂದು ಸಲ ನೋಡಿ" ಎಂದ. ಕೈಯಲ್ಲಿದ್ದ ಪತ್ರೊಡೆಯ ರುಚಿ ಕೆಡುವುದಕ್ಕೆ "ಮುಗಿಸಿಕೊಂಡು" ಎಂಬ ಆ ಒಂದು ಮಾತೇ ಸಾಕಾಯಿತು. ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ಬಾಕಿ ಕಡತಗಳನ್ನು ಮುಗಿಸಿದವನು ನಾನು. ಮಲೆನಾಡನ್ನು ಹಾಗೆ ಮುಗಿಸಬಹುದೆಂದು ಮಾತ್ರ ಎಂದೂ ತೋರಿರಲಿಲ್ಲ.

ಹುಡುಗ ಶ್ರಮ ಪಟ್ಟಿದ್ದಾನೆ, ಅದನ್ನು ಒಪ್ಪುತ್ತೇನೆ. ಎಕ್ಸೆಲ್ ಹಾಳೆಯಲ್ಲಿ ಒಟ್ಟು ಹತ್ತೊಂಬತ್ತು ಜಾಗಗಳಿದ್ದವು. ಪ್ರತಿಯೊಂದರ ಎದುರಿಗೂ ತಲುಪುವ ಹೊತ್ತು, ಹೊರಡುವ ಹೊತ್ತು, ಪ್ರವೇಶ ಶುಲ್ಕ ಮತ್ತು ಯಾರೋ ಕೊಟ್ಟ ನಕ್ಷತ್ರಗಳ ಲೆಕ್ಕ. ಹಳದಿ ಬಣ್ಣ ಬಳಿದ ಸಾಲುಗಳು ರೀಲ್ಸ್ ಮಾಡುವುದಕ್ಕೆ ಮೀಸಲಂತೆ. ಬೆಂಗಳೂರಿನಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಉಡುಪಿ, ಮರವಂತೆ, ಕೊಲ್ಲೂರು, ಸಿಗಂದೂರು, ಜೋಗ, ಶಿರಸಿ, ಬನವಾಸಿ, ಅಲ್ಲಿಂದ ಭಾನುವಾರ ರಾತ್ರಿಯೇ ಮರಳಿ ಬೆಂಗಳೂರು. ಸಾವಿರದ ನೂರು ಕಿಲೋಮೀಟರಿನ ಆಸುಪಾಸು. ಕಾರಿನಲ್ಲಿ ಕೂರುವವರು ಮಂಡಿ ನೋವಿನ ಅಕ್ಕ, ಸಕ್ಕರೆ ಕಾಯಿಲೆಯ ಭಾವ, ಇವನು, ಇವನ ಹೆಂಡತಿ ಮತ್ತು ನಾಲ್ಕು ವರ್ಷದ ಮಗು. ಆ ಹತ್ತೊಂಬತ್ತು ಸಾಲುಗಳಲ್ಲಿ ಎಲ್ಲಿ ಹುಡುಕಿದರೂ ಶೌಚಾಲಯ ಎಂಬ ಪದ ಇರಲಿಲ್ಲ.

ಮೊದಲ ದಿನದ ಸಂಜೆಯ ಸಾಲನ್ನು ಓದಿ ನಾನು ಕನ್ನಡಕ ಒರೆಸಿಕೊಂಡೆ. "ಆಗುಂಬೆ ಸೂರ್ಯಾಸ್ತ: 20 ನಿಮಿಷ." ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಜುಬಾಜು ಮಳೆ ಬೀಳುವ ಊರಿನಲ್ಲಿ, ಆಗಸ್ಟ್ ತಿಂಗಳ ನಡುವೆ, ಸೂರ್ಯ ಇವನ ಕಾರಿಗಾಗಿ ಮೋಡ ಸರಿಸಿಕೊಂಡು ಕಾಯುತ್ತಿರುತ್ತಾನೆ. ಆ ತಿಂಗಳಲ್ಲಿ ಅಲ್ಲಿ ಎದುರಿನಿಂದ ಬರುವ ಗಾಡಿಯ ದೀಪ ಕಂಡರೆ ಅದೇ ಸೂರ್ಯೋದಯ. ಅದೇ ದಿನ ಬೆಳಿಗ್ಗೆ ಸಕ್ರೆಬೈಲಿನ ಆನೆಗಳನ್ನೂ ನೋಡಬೇಕಂತೆ. ಐದು ಗಂಟೆಗೆ ಬೆಂಗಳೂರು ಬಿಟ್ಟು, ಸುಮಾರು ಮುನ್ನೂರು ಕಿಲೋಮೀಟರ್ ಓಡಿಸಿ, ನಡುವೆ ತಿಂಡಿ ತಿಂದು ಇವರು ಅಲ್ಲಿ ಇಳಿಯುವ ಹೊತ್ತಿಗೆ ಆನೆಗಳು ಸ್ನಾನ ಮುಗಿಸಿ ಕಾಡಿನ ದಾರಿ ಹಿಡಿದಿರುತ್ತವೆ. ಎರಡನೆಯ ದಿನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದ ಕಡಲಿನಲ್ಲಿ ಆ ದ್ವೀಪಕ್ಕೆ ಪ್ರವಾಸಿ ದೋಣಿಗಳನ್ನೇ ಬಿಡುವುದಿಲ್ಲ. ನಾಲ್ಕನೆಯ ದಿನ ಶಿರಸಿಯ ಹತ್ತಿರದ ಸಹಸ್ರಲಿಂಗ. ಶಾಲ್ಮಲೆ ತುಂಬಿ ಹರಿಯುವಾಗ ಲಿಂಗಗಳೆಲ್ಲ ನೀರಿನ ಕೆಳಗಿರುತ್ತವೆ, ಕೆಂಪು ನೀರನ್ನು ನೋಡಿ ನಮಸ್ಕಾರ ಹಾಕಿ ಬರಬೇಕು. ಹೀಗೆ ಕಾಣದ ಸೂರ್ಯ, ಹೋಗದ ದೋಣಿ, ಮುಳುಗಿದ ಲಿಂಗಗಳು. ಮೂರಕ್ಕೂ ನಾಲ್ಕೂವರೆ ನಕ್ಷತ್ರ.

ಇವನ್ನೆಲ್ಲ ಹೇಳಿದರೆ ತಿದ್ದಿಕೊಳ್ಳುತ್ತಾನೆ, ಬುದ್ಧಿವಂತ. ನನ್ನ ತಕರಾರು ಬೇರೆ. ಆ ಹಾಳೆಯಲ್ಲಿ ಜಾಗಗಳಿವೆ, ದಾರಿ ಇಲ್ಲ. ಎರಡು ಜಾಗಗಳ ನಡುವಿನದು ಒಂದು ಕಿರಿದಾದ ಬೂದು ಸಾಲು, ಅದರೊಳಗೆ ಮ್ಯಾಪ್ ಹೇಳಿದ ಗಂಟೆ ನಿಮಿಷಗಳು. ಕಾರಿನಲ್ಲಿ ಹೋಗುವ ಪ್ರವಾಸವೆಂದು ಕರೆದ ಮೇಲೆ, ದಿನದ ಎಂಟು ಹತ್ತು ಗಂಟೆಗಳನ್ನು ದಾರಿಯ ಮೇಲೆಯೇ ಕಳೆಯುವವರು, ಆ ದಾರಿಯನ್ನು ಸಹಿಸಿಕೊಳ್ಳಬೇಕಾದ ಖರ್ಚಿನ ಬಾಬತ್ತಿನಂತೆ ಬರೆದಿಟ್ಟರೆ, ಅವರು ನಿಜವಾಗಿ ಹೋಗುವುದಾದರೂ ಎಲ್ಲಿಗೆ? ಮ್ಯಾಪಿಗೆ ಕಿಲೋಮೀಟರ್ ಗೊತ್ತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಒಂದೊಂದಕ್ಕೂ ಮಿನಿ ಬಸ್ಸು ರಸ್ತೆಯಷ್ಟೂ ಅಗಲವನ್ನು ತೆಗೆದುಕೊಂಡು ತಿರುಗುತ್ತದೆಂದು, ಅಷ್ಟೂ ಹೊತ್ತು ಇಳಿಯುವ ಗಾಡಿಗಳು ಹತ್ತುವ ಗಾಡಿಗೆ ದಾರಿ ಬಿಟ್ಟು ಬ್ರೇಕಿನ ಮೇಲೆ ಕಾಲಿಟ್ಟು ನಿಂತಿರಬೇಕೆಂದು, ಮಂಜು ಕವಿದಾಗ ಪಕ್ಕದಲ್ಲಿ ಕೂತವರು ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯಂಚಿನ ಬಿಳಿ ಗೆರೆಯನ್ನು ನೋಡಿ ಹೇಳಬೇಕಾಗುತ್ತದೆಂದು ಅದಕ್ಕೆ ಯಾರು ಹೇಳಬೇಕು?

"ಅಷ್ಟೆಲ್ಲ ನಿಧಾನಕ್ಕೆ ಹೋಗೋಕೆ ನಮಗೆ ನಿಮ್ಮ ಹಾಗೆ ರಿಟೈರ್ ಆಗಿಲ್ಲ ಮಾಮ, ಇರೋದೇ ನಾಲ್ಕು ದಿನ" ಎಂದು ಸೊಸೆ ನಡುವೆ ಮಾತು ಹಾಕಿದಳು. ನ್ಯಾಯವಾದ ಮಾತು. ವಾರಕ್ಕೆ ಐದು ದಿನ ಪರದೆ ನೋಡಿ ಕಣ್ಣು ಸೋತವರಿಗೆ ನಾಲ್ಕು ದಿನ ದೊಡ್ಡದು, ಅದನ್ನು ತುಂಬಿಸಿಕೊಳ್ಳುವ ಆಸೆ ಸಹಜ. ಆದರೆ ನಾಲ್ಕೇ ದಿನ ಇರುವುದರಿಂದ ಹತ್ತೊಂಬತ್ತು ಜಾಗ ನೋಡಬೇಕು ಎಂಬ ತರ್ಕ ನನ್ನ ತಲೆಗೆ ಹತ್ತುವುದಿಲ್ಲ. ಹೊಟ್ಟೆಯಲ್ಲಿ ಜಾಗ ಕಡಿಮೆ ಇದೆಯೆಂದು ಯಾರೂ ಒಂದೇ ಊಟಕ್ಕೆ ಹತ್ತೊಂಬತ್ತು ಬಗೆಯನ್ನು ಬಡಿಸಿಕೊಳ್ಳುವುದಿಲ್ಲ. ಪೆಟ್ರೋಲಿನ ಬೆಲೆಯ ಮಾತನ್ನೂ ತೆಗೆದರು, ಒಮ್ಮೆ ಹೋದಾಗಲೇ ಎಲ್ಲ ನೋಡಿದರೆ ಅಗ್ಗವಂತೆ. ಅದಕ್ಕೆ ನಾನು ಉತ್ತರಿಸಲಿಲ್ಲ, ಅಕ್ಕ ಸಾರು ಬಡಿಸುತ್ತಿದ್ದಳು.

ಇಷ್ಟು ಜೋರಾಗಿ ಮಾತನಾಡುವ ಯೋಗ್ಯತೆ ನನಗಿದೆಯೇ ಎಂದು ಕೇಳುವವರು ಇದನ್ನು ಓದುವವರಲ್ಲಿ ಕನಿಷ್ಠ ಇಬ್ಬರಾದರೂ ಇದ್ದಾರೆ, ಅವರಲ್ಲಿ ಒಬ್ಬಳು ನನ್ನ ಹೆಂಡತಿ. ಹಾಗಾಗಿ ನಾನೇ ಹೇಳಿಬಿಡುತ್ತೇನೆ. ಹಳೆಯ ಮಾರುತಿ 800ರ ಕಾಲದಲ್ಲಿ ನನ್ನ ಬಳಿ ಎಕ್ಸೆಲ್ ಇರಲಿಲ್ಲ, ಬ್ಯಾಂಕಿನ ಡೈರಿ ಇತ್ತು. ಹೊರಟ ಹೊತ್ತು, ಮೀಟರಿನ ಓದು, ಪೆಟ್ರೋಲು, ಮುಂದಿನ ಊರನ್ನು ತಲುಪಬೇಕಾದ ಹೊತ್ತು, ಎಲ್ಲವನ್ನೂ ಕೆಂಪು ನೀಲಿ ಶಾಯಿಯಲ್ಲಿ ಬರೆಯುತ್ತಿದ್ದೆ. ಒಂದು ಅಕ್ಟೋಬರಿನಲ್ಲಿ ಕುಂದಾಪುರದ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಬರುವಾಗ ಇವಳಿಗೆ ವಾಂತಿ ಶುರುವಾಯಿತು. ಗಾಡಿ ನಿಲ್ಲಿಸಿದೆ. ಅವಳು ರಸ್ತೆಯಂಚಿನ ಕಲ್ಲು ಹಿಡಿದು ಬಗ್ಗಿದ್ದಾಗ ನಾನು ಬಾನೆಟ್ಟಿಗೆ ಒರಗಿ ಗಡಿಯಾರ ನೋಡಿಕೊಂಡು, "ನಲವತ್ತು ನಿಮಿಷ ಹಿಂದೆ ಬಿದ್ದಿದ್ದೇವೆ" ಎಂದೆ. ಅದು ಬಾಯಿಂದ ಹೊರಬಿದ್ದ ಗಳಿಗೆಯಲ್ಲಿಯೇ ನಾಲಿಗೆ ಕಚ್ಚಿಕೊಂಡೆ, ಪ್ರಯೋಜನವಾಗಲಿಲ್ಲ. ಅವಳು ಬಾಯಿ ತೊಳೆದುಕೊಂಡು ಹಿಂದಿನ ಸೀಟಿಗೆ ಹೋಗಿ ಕೂತಳು, ಬಿದನೂರು ನಗರದ ಕೋಟೆ ದಾಟುವವರೆಗೂ ಮಾತಾಡಲಿಲ್ಲ. ಕೋಟೆಯ ಎದುರು ಗಾಡಿಯನ್ನೂ ನಿಲ್ಲಿಸಲಿಲ್ಲ ನಾನು, ಏಕೆಂದರೆ ಆ ನಲವತ್ತು ನಿಮಿಷವನ್ನು ಅಲ್ಲಿ ಸರಿದೂಗಿಸಿಕೊಳ್ಳಬೇಕಿತ್ತು. ಇಂದಿಗೂ ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ತಡವಾದರೂ, ಗ್ಯಾಸಿನವನು ಬಾರದಿದ್ದರೂ, "ನಲವತ್ತು ನಿಮಿಷ ಹಿಂದೆ ಬಿದ್ದಿದ್ದೇವೆ" ಎಂಬ ಮಾತು ಅಡುಗೆಮನೆಯಿಂದ ಬರುತ್ತದೆ. ಆ ಡೈರಿ ಈಗಲೂ ಅಟ್ಟದ ಮೇಲಿದೆ. ಸೋದರಳಿಯನ ಹಾಳೆಯನ್ನು ನೋಡಿ ನನಗೆ ಬಂದ ಸಿಟ್ಟಿನಲ್ಲಿ ಅರ್ಧದಷ್ಟು ಅದರಲ್ಲಿ ನನ್ನ ಡೈರಿಯನ್ನೇ ಕಂಡು ಬಂದದ್ದು.

ಮೂರನೆಯ ದಿನದ ಪಟ್ಟಿಯಲ್ಲಿ ಇನ್ನೊಂದು ಸಾಲಿತ್ತು: "ಸಿಗಂದೂರು ಸೇತುವೆ: 10 ನಿಮಿಷ, ಡ್ರೋನ್ ಶಾಟ್." 2025ರ ಜುಲೈ 14ರಂದು ಉದ್ಘಾಟನೆಯಾದ, ಅಂಬಾರಗೋಡ್ಲಿಗೂ ಕಳಸವಳ್ಳಿಗೂ ನಡುವಿನ, ಹೆಚ್ಚು ಕಡಿಮೆ ಎರಡೂವರೆ ಕಿಲೋಮೀಟರ್ ಉದ್ದದ ಹೊಸ ಸೇತುವೆ. ನಮ್ಮ ಸಾಗರದ ಕಡೆಯವರಿಗೆ ಆ ಸಾಲನ್ನು ಓದಿದರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ದಡದ ಆಚೆಯ ಊರುಗಳು ಆಚೆಯೇ ಉಳಿದವು. ಅಂದಿನಿಂದ ಒಂದು ಮದುವೆಗೆ ಹೋಗಬೇಕಾದರೂ, ಕಾಲೇಜಿನ ಅರ್ಜಿ ತುಂಬಬೇಕಾದರೂ, ಅಡಿಕೆ ಮಾರಬೇಕಾದರೂ ಹೊಳೆಬಾಗಿಲಿನ ದಡದಲ್ಲಿ ಲಾಂಚಿಗಾಗಿ, ಅಂದರೆ ಜನರನ್ನೂ ಗಾಡಿಗಳನ್ನೂ ದಾಟಿಸುವ ದೋಣಿಗಾಗಿ, ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚು ಹೊರಟ ಮೇಲೆ ಹೆರಿಗೆ ನೋವು ಬಂದರೆ ಕಾಡಿನ ಸುತ್ತು ದಾರಿಯೇ ಗತಿ. ಲಾಂಚು ಹೋಯಿತೆಂದು ಕಣ್ಣೀರು ಹಾಕುವವರ ಸಾಲಿನಲ್ಲಿ ನಾನಿಲ್ಲ. ಹಾಗೆ ಅಳುವವರು ಯಾರೂ ರಾತ್ರಿ ಒಂಬತ್ತಕ್ಕೆ ಆ ದಡದಲ್ಲಿ ರೋಗಿಯ ಜೊತೆ ನಿಂತವರಲ್ಲ. ನನ್ನದು ಇಷ್ಟೇ: ಅರವತ್ತು ವರ್ಷ ಕಾದು ಪಡೆದ ಸೇತುವೆಯನ್ನು ಹತ್ತು ನಿಮಿಷದ ಸಾಲಿನಲ್ಲಿ ತುರುಕುವವನು ಕನಿಷ್ಠ ದಡದ ಚಹಾ ಅಂಗಡಿಯಲ್ಲಿ ಕೂತು, ಇಲ್ಲಿ ಮೊದಲು ಏನಿತ್ತು ಎಂದು ಒಬ್ಬರನ್ನಾದರೂ ಕೇಳಬೇಡವೇ? ನೀರಿನ ನಡುವೆ ತಲೆ ಎತ್ತಿ ನಿಂತ ಬೋಳು ಮರದ ಬುಡಗಳು ಯಾರ ಹಿತ್ತಿಲಿನವೆಂದು ಹೇಳಬಲ್ಲವರು ಆ ದಡದಲ್ಲಿ ಇನ್ನೂ ಇದ್ದಾರೆ. ಅವರಿಗೆ ಯಾರೂ ನಕ್ಷತ್ರ ಕೊಟ್ಟಿಲ್ಲವಾದ್ದರಿಂದ ಅವರು ಪಟ್ಟಿಗೆ ಬಂದಿಲ್ಲ.

ಜೋಗಕ್ಕೆ ಅರ್ಧ ಗಂಟೆ ಇಟ್ಟಿದ್ದಾನೆ. ಮಳೆಗಾಲದ ಜೋಗ ಗೊತ್ತಿರುವವರು ನಗುತ್ತಾರೆ. ಎದುರಿಗೆ 253 ಮೀಟರ್ ಧುಮುಕುವ ನೀರಿದೆ ಎಂಬುದು ಕಿವಿಗೆ ಮಾತ್ರ ತಿಳಿಯುತ್ತಿರುತ್ತದೆ, ಕಣ್ಣಿಗೆ ಬಿಳಿ ಗೋಡೆ. ಕೊಡೆ ಹಿಡಿದು ಕಂಬಿಗೆ ಅಂಟಿಕೊಂಡು ನಿಂತಿರಬೇಕು. ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ಗಾಳಿ ಬೀಸಿ ಮಂಜು ಹರಿದು, ರಾಜನ ಒಂದು ಪಾಲು ಕಂಡು, ರಾಣಿಯ ಸೆರಗು ಕಂಡು, ನಿಂತ ಜನವೆಲ್ಲ ಒಟ್ಟಿಗೆ ಓ ಎನ್ನುವಷ್ಟರಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅರ್ಧ ಗಂಟೆಯ ಗಿರಾಕಿಗಳು ಆ ಬಿಳಿ ಗೋಡೆಯ ಫೋಟೋ ತೆಗೆದುಕೊಂಡು, ಏನೂ ಇಲ್ಲ ಎಂದು ಕಾರು ಹತ್ತುವುದನ್ನು ನಾನೇ ಎಷ್ಟು ಸಲ ನೋಡಿದ್ದೇನೋ.

ದಾರಿಯ ಕುರಿತು ಒಂದು ಮಾತು ಎತ್ತಿದ್ದಕ್ಕೆ ಹುಡುಗ, "ಕರಾವಳಿಯಲ್ಲಿ ನ್ಯಾಷನಲ್ ಹೈವೇ ಅಲ್ವಾ ಮಾಮ, ಏನೂ ಆಗಲ್ಲ" ಎಂದ. ಇಲ್ಲಿ ಮಾತ್ರ ನನಗೆ ನಗು ಬರಲಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಅದೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ರಸ್ತೆಬದಿಯ ಚಹಾ ಅಂಗಡಿ ಅದರ ಜೊತೆ ಹೋಯಿತು. ಗಂಗಾವಳಿ ನದಿಗೆ ಬಿದ್ದ ಲಾರಿಯೊಂದು ಸಿಕ್ಕಿದ್ದು ಎರಡು ತಿಂಗಳ ನಂತರ. ಮೂರು ವಾರ ಕಳೆಯುತ್ತಿದ್ದಂತೆ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ರಾತ್ರೋರಾತ್ರಿ ಕುಸಿಯಿತು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯೇ ಮುಚ್ಚಿತ್ತು. ಹೆದರಿಸುವುದಕ್ಕೆ ಇದನ್ನೆಲ್ಲ ಹೇಳುತ್ತಿಲ್ಲ. ಮಳೆಗಾಲದಲ್ಲಿ ಪಶ್ಚಿಮ ಘಟ್ಟವನ್ನು ಹತ್ತಿ ಇಳಿಯುವವರು ಮೊದಲು ಬರೆದುಕೊಳ್ಳಬೇಕಾದದ್ದು ಯಾವ ಘಾಟಿ, ಯಾವ ಹೊತ್ತು, ಅದು ಮುಚ್ಚಿದರೆ ಯಾವುದು ಎಂಬುದನ್ನು. ಈ ಹುಡುಗನ ಹಾಳೆಯಲ್ಲಿ ಕೆಫೆಗೆ ಪರ್ಯಾಯ ಕೆಫೆ ಇದೆ, ಘಾಟಿಗೆ ಪರ್ಯಾಯ ಘಾಟಿ ಇಲ್ಲ.

ಯೋಜನೆಯೇ ಬೇಡ, ಗಾಡಿ ಹೋದಲ್ಲಿಗೆ ಹೋಗೋಣ ಎನ್ನುವ ಅಲೆಮಾರಿ ಗತ್ತು ನನ್ನದಲ್ಲ. ಹಾಗೆ ಹೋಗಿ ರಾತ್ರಿ ಹತ್ತಕ್ಕೆ ತಿಗಣೆಯ ಲಾಡ್ಜಿನಲ್ಲಿ ಮಲಗಿದ ಅನುಭವವೂ ನನಗಿದೆ. ನಾನಾಗಿದ್ದರೆ ನಾಲ್ಕೂವರೆಗೇ ಹೊರಟು ಬೆಳಕಾಗುವ ಮೊದಲು ನೆಲಮಂಗಲ ದಾಟಿ, ತಿಪಟೂರಿನ ತೆಂಗಿನ ತೋಟಗಳ ನಡುವೆ ಹೊತ್ತು ಹುಟ್ಟುವುದನ್ನು ನೋಡಿಕೊಂಡು, ಅರಸೀಕೆರೆಯ ಆಚೆ ತಿಂಡಿ ತಿಂದು ಶಿವಮೊಗ್ಗ ಸೇರುತ್ತಿದ್ದೆ. ಅಲ್ಲಿಂದ ಮುಂದೆ ತುಂಗೆಯ ದಂಡೆಯ ರಸ್ತೆ. ಅದಕ್ಕೆ ಇಡೀ ಮಧ್ಯಾಹ್ನ ಕೊಡುತ್ತಿದ್ದೆ. ದಿನಕ್ಕೆ ಒಂದೇ ಘಾಟಿ, ಅದೂ ಬೆಳಕಿರುವಾಗ. ಒಂದೇ ಊರಿನಲ್ಲಿ ಎರಡು ರಾತ್ರಿ, ಏಕೆಂದರೆ ಅಕ್ಕನ ಮಂಡಿ ಪ್ರತಿ ಬೆಳಿಗ್ಗೆ ಹೊಸ ಮೆಟ್ಟಿಲುಗಳನ್ನು ಇಳಿಯಲಾರದು. ತೀರ್ಥಹಳ್ಳಿಯಲ್ಲಿಯೇ ಟ್ಯಾಂಕು ತುಂಬಿಸಿ, ಚಿಲ್ಲರೆ ನೋಟು ಜೇಬಿಗಿಟ್ಟುಕೊಳ್ಳುತ್ತಿದ್ದೆ, ಸಿಗ್ನಲ್ಲಿಲ್ಲದ ಕಡೆ ಫೋನಿನಿಂದ ಹಣ ಹೋಗುವುದಿಲ್ಲ. ಬೆಳಿಗ್ಗೆ ಹೊರಡುವ ಮೊದಲು ಮ್ಯಾಪನ್ನು ನೋಡದೆ ಬಸ್ ನಿಲ್ದಾಣಕ್ಕೆ ಹೋಗಿ, ಘಾಟಿಯಲ್ಲಿ ಬಸ್ಸು ಓಡುತ್ತಿದೆಯೇ ಎಂದು ಕೇಳುತ್ತಿದ್ದೆ. ಮೊದಲ ಬಸ್ಸು ಮೇಲೆ ಬಂದಿದೆ ಎಂದು ಕಂಡಕ್ಟರ್ ಹೇಳಿದರೆ ರಸ್ತೆ ಇದೆ ಎಂದರ್ಥ. ಇಳಿದದ್ದು ಇನ್ನೂ ಬಂದಿಲ್ಲ ಎಂದರೆ ಇನ್ನೊಂದು ಕಾಫಿ ಹೇಳಿ ಕೂರಬೇಕು. ಇಷ್ಟು ಮಾಡಿದರೆ ನಾಲ್ಕು ದಿನಕ್ಕೆ ಆರು ಜಾಗ ಆದೀತು, ಬನವಾಸಿಯೂ ಶಿರಸಿಯೂ ಮುಂದಿನ ವರ್ಷಕ್ಕೆ ಉಳಿದಾವು. ಉಳಿಯಲಿ. ಬನವಾಸಿಯ ಮಧುಕೇಶ್ವರ ಎಲ್ಲಿಗೂ ಹೋಗುವವನಲ್ಲ.

ಇವನ್ನೆಲ್ಲ ಹುಡುಗ ಗಮನವಿಟ್ಟು ಕೇಳಿದ, ಫೋನಿನಲ್ಲಿ ಬರೆದುಕೊಂಡ, ಏಳುವಾಗ ಕಾಲಿಗೂ ನಮಸ್ಕರಿಸಿದ. ಭಾವ ನಡುವೆ ಒಂದೇ ಒಂದು ಮಾತಾಡಿದರು: "ಎಲ್ಲಾದರೂ ಹೊಳೆ ಪಕ್ಕ ಕೂತು ಬುತ್ತಿ ಬಿಚ್ಚಿ ಉಣ್ಣೋದು ಇದೆಯೇನಪ್ಪಾ ಇದರಲ್ಲಿ?" ಯಾರೂ ಉತ್ತರ ಕೊಡಲಿಲ್ಲ, ಮಗು ನೀರಿನ ಲೋಟ ಉರುಳಿಸಿತ್ತು.

ಇವತ್ತು ಬೆಳಿಗ್ಗೆ ವಾಟ್ಸಾಪಿನಲ್ಲಿ ತಿದ್ದಿದ ಹಾಳೆ ಬಂದಿದೆ. ಸೇಂಟ್ ಮೇರೀಸ್ ದ್ವೀಪ ಹೋಗಿದೆ, ಸಹಸ್ರಲಿಂಗ ಹೋಗಿದೆ, ಸಕ್ರೆಬೈಲು ಹೋಗಿದೆ. ಉಳಿದ ಸಮಯ ಹಾಳಾಗಬಾರದೆಂದು ಆ ಜಾಗದಲ್ಲಿ ಹೊಸದಾಗಿ ನಾಲ್ಕು ಸೇರಿವೆ. ದಿನಕ್ಕೊಂದರಂತೆ ಹಸಿರು ಬಣ್ಣದ ಸಾಲೂ ಬಂದಿದೆ: "ದಾರಿ ಆನಂದಿಸುವುದು: 15 ನಿಮಿಷ." ಆಗುಂಬೆಯ ಸೂರ್ಯಾಸ್ತ ಹಾಗೆಯೇ ಇದೆ. ನನ್ನ ಮಾತಿಗೆ ಗೌರವ ಕೊಟ್ಟು ಇಪ್ಪತ್ತನ್ನು ಇಪ್ಪತ್ತೈದು ಮಾಡಿದ್ದಾನೆ.