ಮಕ್ಕಳಾಗದವರಿಗೆ ಚೀನೀ ಸೂಜಿ, ಕಷಾಯ ನೆರವಾಗುತ್ತವೆಯೇ?

ಪರ

ಮಗುವಿಗಾಗಿ ಕಾಯುತ್ತಿರುವ ಚೀನಾದ ಎಷ್ಟೋ ಹೆಣ್ಣುಮಕ್ಕಳು ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಮಾಡಿಸಿಕೊಳ್ಳುತ್ತಲೇ ಹಳೇ ಪದ್ಧತಿಯ ವೈದ್ಯರ ಹತ್ತಿರವೂ ಹೋಗುತ್ತಾರೆ. ಅವರಿಗೆ ಇದು ಇದೋ ಅದೋ ಅನ್ನುವ ಪ್ರಶ್ನೆಯೇ ಅಲ್ಲ.

ವೈದ್ಯರು ಎರಡೂ ಕೈಗಳ ನಾಡಿ ಹಿಡಿದು ನೋಡುತ್ತಾರೆ. ನಾಲಿಗೆ ಚಾಚಲು ಹೇಳುತ್ತಾರೆ. ಮುಟ್ಟಿನ ರಕ್ತ ಕೆಂಪಗಿದೆಯಾ, ಕಪ್ಪಗಿದೆಯಾ? ಗಂಟು ಗಂಟಾಗಿ ಹೋಗುತ್ತಾ? ನಿದ್ದೆ ಬರುತ್ತಾ? ಪಾದ ತಣ್ಣಗಿರುತ್ತಾ? ಇಷ್ಟೆಲ್ಲ ಕೂತು ಕೇಳುವವರು ಸಿಗುವುದೇ ಒಂದು ಸಮಾಧಾನ. ಗರ್ಭಕೋಶ ತಣ್ಣಗಾಗಿದೆ ಅನ್ನಿಸಿದರೆ ಮಾಚಿಪತ್ರೆ ಜಾತಿಯ ಒಣ ಸೊಪ್ಪಿನ ಬತ್ತಿ ಹಚ್ಚಿ ಹೊಟ್ಟೆಗೆ ಶಾಖ ಕೊಡುತ್ತಾರೆ. ಅಜ್ಜಿಯರ ಬಾಯಲ್ಲಿ ಉಷ್ಣ, ಶೀತದ ಮಾತು ಕೇಳಿ ಬೆಳೆದ ನಮಗೆ ಇದು ತೀರಾ ಹೊಸದೇನಲ್ಲ, ಅಲ್ವಾ? ಡಾಂಗ್ ಗುಯ್ ಬೇರು ಹಾಕಿ ಕುದಿಸಿದ ಕಷಾಯ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಆಕೆಯ ತಿಂಗಳ ದಿನ ನೋಡಿ ಬದಲಾಗುತ್ತದೆ.

ಹಳೇದು ಅಂದ ಮಾತ್ರಕ್ಕೆ ಸುಳ್ಳಲ್ಲ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ ದಾರಿ ತೋರಿಸಿದ್ದು 4ನೇ ಶತಮಾನದ ಚೀನೀ ಗ್ರಂಥ. ಆ ಗಿಡವೂ ಮಾಚಿಪತ್ರೆಯ ಬಳಗದ್ದೇ. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನು ಸೂಜಿ, ಅಂದರೆ ಮೈಯ ಗೊತ್ತಾದ ಜಾಗಗಳಲ್ಲಿ ತೆಳು ಸೂಜಿ ಚುಚ್ಚುವ ಅಕ್ಯುಪಂಕ್ಚರ್. 2002ರಲ್ಲಿ ಜರ್ಮನಿಯ ತಂಡವೊಂದು ಐವಿಎಫ್ ಮಾಡಿಸಿಕೊಳ್ಳುತ್ತಿದ್ದ 160 ಮಹಿಳೆಯರ ಮೇಲೆ ಪರೀಕ್ಷೆ ನಡೆಸಿತು. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲು 25 ನಿಮಿಷ, ಆಮೇಲೆ 25 ನಿಮಿಷ ಸೂಜಿ ಚಿಕಿತ್ಸೆ. ಚುಚ್ಚಿಸಿಕೊಂಡ 80 ಮಂದಿಯಲ್ಲಿ 34 ಜನ ಗರ್ಭಿಣಿಯರಾದರು, ಚುಚ್ಚಿಸಿಕೊಳ್ಳದ 80 ಮಂದಿಯಲ್ಲಿ 21. ಐವಿಎಫ್ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಜೊತೆಗೆ ಇದೂ ಇರಲಿ ಅನ್ನುವವಳನ್ನು ತಡೆಯುವುದು ಯಾಕೆ?

ವಿರೋಧ

ಆ 160 ಮಂದಿಯಿಂದಲೇ ಶುರು ಮಾಡೋಣ. ಅಲ್ಲಿ ಯಾರಿಗೆ ಸೂಜಿ ಬಿತ್ತು, ಯಾರಿಗೆ ಬೀಳಲಿಲ್ಲ ಅಂತ ಆ ಮಹಿಳೆಯರಿಗೇ ಗೊತ್ತಿತ್ತು. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪರೀಕ್ಷೆಯಲ್ಲಿ 848 ಮಹಿಳೆಯರಿದ್ದರು. ಒಂದು ಗುಂಪಿಗೆ ನಿಜವಾದ ಸೂಜಿ, ಇನ್ನೊಂದಕ್ಕೆ ತೋರಿಕೆಯ ಸೂಜಿ. ಅದರ ಮೊನೆ ಮೊಂಡು. ಒತ್ತಿದರೆ ಚರ್ಮದೊಳಗೆ ಇಳಿಯುವುದಿಲ್ಲ, ನಾಟಕದ ಚೂರಿಯ ಹಾಗೆ ಹಿಡಿಯೊಳಗೇ ಸರಿಯುತ್ತದೆ. ಕೊನೆಗೆ ಮಗು ಹುಟ್ಟಿದ್ದು ನಿಜವಾದ ಸೂಜಿಯ ಗುಂಪಿನಲ್ಲಿ ಶೇ. 18.3, ತೋರಿಕೆಯ ಗುಂಪಿನಲ್ಲಿ ಶೇ. 17.8. ಇದನ್ನು ವ್ಯತ್ಯಾಸ ಅನ್ನಲಾದೀತೇ?

ಖುದ್ದು ಚೀನಾದಲ್ಲೇ ಪಿಸಿಓಎಸ್ (ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವ 1,000 ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ಅಂಡ ಬಿಡುಗಡೆಗೆ ಕೊಡುವ ಕ್ಲೋಮಿಫೀನ್ ಮಾತ್ರೆ ನುಂಗಿದವರಲ್ಲಿ ಶೇ. 28.7 ಮಂದಿ ಹೆತ್ತರು. ಮದ್ದಿಲ್ಲದ ಮಾತ್ರೆ ನುಂಗಿದವರಲ್ಲಿ ಶೇ. 15.4. ಸೂಜಿ ಸೇರಿಸಿದ್ದರಿಂದ ಏನೂ ಜಾಸ್ತಿಯಾಗಲಿಲ್ಲ. ತು ಯೂಯೂ ಅವರ ಹೆಸರು ಹೇಳುವವರು ಒಂದನ್ನು ನೆನೆಯಬೇಕು. ಅವರು ಗ್ರಂಥವನ್ನು ನಂಬಿ ಕೂರಲಿಲ್ಲ, ಗಿಡದ ಸಾರ ತೆಗೆದು ಪರೀಕ್ಷೆ ಮಾಡಿದರು.

ಕಷಾಯ ಸುಮ್ನೆ ಬೇರು, ತೊಗಟೆಯಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಯ ಗುಳಿಗೆ ನುಂಗಿದ ಹೆಂಗಸರ ಮೂತ್ರಪಿಂಡಗಳೇ ಕೆಟ್ಟವು. ಒಂದು ಬೇರಿನ ಜಾಗದಲ್ಲಿ ಅರಿಸ್ಟೊಲೋಕಿಯಾ ಗಿಡದ ಬೇರು ಸೇರಿಕೊಂಡಿತ್ತು. ಡಾಂಗ್ ಗುಯ್ ಕೂಡ ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯವಿದೆ.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಗರ್ಭಕೋಶ ತಣ್ಣಗಾಗಿದೆ ಅನ್ನುವ ಆ ಮಾತು. ಐಸ್ ನೀರು ಕುಡಿದೆ, ಬರಿಗಾಲಲ್ಲಿ ಓಡಾಡಿದೆ ಅಂತ ತಪ್ಪೆಲ್ಲ ಅವಳ ತಲೆಗೇ ಬರುತ್ತದೆ. ಮುಚ್ಚಿದ ಗರ್ಭನಾಳವನ್ನು ಯಾವ ಕಷಾಯವೂ ತೆರೆಯುವುದಿಲ್ಲ. ಎಷ್ಟೋ ದಂಪತಿಗಳಲ್ಲಿ ತೊಂದರೆ ಗಂಡನ ಕಡೆಯೂ ಇರುತ್ತದೆ. ಅವನ ನಾಡಿ ಯಾರು ಹಿಡಿದರು? 35 ದಾಟಿದವಳಿಗೆ ಒಂದೊಂದು ತಿಂಗಳೂ ದುಬಾರಿ. ಕಷಾಯದ ಮಡಕೆ ಒಲೆಗೇರುವ ಮುಂಚೆ ಗಂಡನ ವೀರ್ಯ ಪರೀಕ್ಷೆ ಆಗಿದೆಯಾ ಅಂತ ಕೇಳಬೇಕು. ಅದಕ್ಕೆ ಬೇಕಾಗಿರುವುದು ಅವನ ಒಂದು ಬೆಳಗ್ಗೆ ಅಷ್ಟೇ.