ಹಾಡು ಎಷ್ಟು ಹೇಳಿದೆಯೋ ಅಷ್ಟು ಕೇಳಿ

ಅಮೆರಿಕದ ಕಂಟ್ರಿ ಸಂಗೀತದ ಊರು ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆ ತುಂಬ ಪುಟ್ಟ ಜಾಗ. ಹಾಡು ಬರೆದವರೇ ಅಲ್ಲಿ ಗಿಟಾರ್ ಹಿಡಿದು ಕೂರುತ್ತಾರೆ. ಹಾಡು ಹುಟ್ಟಿದ ಕಥೆ ಹೇಳಿ ಆಮೇಲೆ ಹಾಡುತ್ತಾರೆ. ಕುಡಿತ, ಡಿವೋರ್ಸ್, ಜೈಲು, ಅಪ್ಪನ ಸಾವು, ಎಲ್ಲವೂ ಬರುತ್ತದೆ. ಈ ಊರಲ್ಲಿದ್ದುಕೊಂಡು ಕಂಟ್ರಿ ಹಾಡುಗಾರರ ಸಂದರ್ಶನಗಳನ್ನು ಕೇಳುತ್ತಾ ಬಂದ ನನಗೆ ಒಂದು ಮಾತು ಗಟ್ಟಿಯಾಗಿ ಅನಿಸಿದೆ. ಹಾಡಿನಲ್ಲಿ ಇಷ್ಟೆಲ್ಲ ಹೇಳಿಕೊಂಡರು ಅಂತ ಅವರನ್ನು ಏನು ಬೇಕಾದರೂ ಕೇಳುವ ಹಕ್ಕು ನಮಗೆ ಬರುವುದಿಲ್ಲ.

ಆ ಹಾಡು ಅವರದೇ ಬದುಕು ಅಂತಲೂ ಹೇಳಲಾಗದು. ಕಂಟ್ರಿ ಗಾಯಕಿ ಟ್ಯಾಮಿ ವೈನೆಟ್ 1968ರಲ್ಲಿ ಹಾಡಿದ ಡಿವೋರ್ಸ್ ಹಾಡು ಇಂದಿಗೂ ಆಕೆಯ ಹೆಸರಿಗೆ ಅಂಟಿಕೊಂಡಿದೆ. ಆದರೆ ಅದನ್ನು ಬರೆದವರು ಬೇರೆಯವರು, ಬಾಬಿ ಬ್ರಾಡಕ್ ಮತ್ತು ಕರ್ಲಿ ಪಟ್ಮನ್. ಆಕೆ ಗಾಯಕ ಜಾರ್ಜ್ ಜೋನ್ಸ್ ಅವರನ್ನು ಮದುವೆಯಾಗಿದ್ದೇ ಆ ಹಾಡು ಬಂದ ಮೇಲೆ, 1969ರಲ್ಲಿ, ಬೇರೆಯಾಗಿದ್ದು 1975ರಲ್ಲಿ. ಆದರೂ ಕೇಳುವವರಿಗೆ ಹಾಡು ಮತ್ತು ಬದುಕು ಒಂದೇ ಆಗಿಬಿಡುತ್ತದೆ. ನಮ್ಮಲ್ಲಿ ಹಾಗಲ್ಲ. ಮಗುವನ್ನು ಕಳೆದುಕೊಂಡ ನೋವನ್ನು ಬೇಂದ್ರೆಯವರು ಕವಿತೆ ಮಾಡಿದರು. ಅದನ್ನು ಹಾಡುವವರನ್ನು 'ನಿಮ್ಮ ಮನೆಯಲ್ಲೂ ಹೀಗೆ ಆಗಿತ್ತಾ' ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಈ ಗುಣ ನನಗೆ ತುಂಬ ಇಷ್ಟ.

ಆದರೆ ಅದೇ ನಾವು ಟಿವಿ ಮೈಕ್ ಹಿಡಿದಾಗ ಬೇರೆಯೇ ಆಗುತ್ತೇವೆ. ಸಾವಿನ ಮನೆಯ ಬಾಗಿಲಲ್ಲೇ 'ಈಗ ಏನನ್ನಿಸ್ತಿದೆ' ಅಂತ ಕೇಳುತ್ತೇವೆ. ಅಳುವ ಮುಖವನ್ನು ಮತ್ತೆ ಮತ್ತೆ ತೋರಿಸುತ್ತೇವೆ. ದೂರದಲ್ಲಿ ಕೂತು ಮೊಬೈಲಿನಲ್ಲಿ ಅದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ.

ಮಗಳು ವೈನೋನಾ ಜೊತೆ ಹಾಡುತ್ತಿದ್ದ ಕಂಟ್ರಿ ಗಾಯಕಿ ನೇಯೋಮಿ ಜಡ್ ತೀರಿಕೊಂಡಿದ್ದು 2022ರ ಏಪ್ರಿಲ್ 30ರಂದು. ಮರುದಿನವೇ ಅವರಿಗೂ ವೈನೋನಾಗೂ ಕಂಟ್ರಿ ಸಂಗೀತದ ದೊಡ್ಡ ಗೌರವವಾದ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಸೇರ್ಪಡೆ ಇತ್ತು. ಮಾನಸಿಕ ಕಾಯಿಲೆಯಿಂದ ಅಮ್ಮನನ್ನು ಕಳೆದುಕೊಂಡೆವು ಅಂತ ಹೆಣ್ಣುಮಕ್ಕಳಿಬ್ಬರೂ ತಿಳಿಸಿದರು. ಮೇ ತಿಂಗಳಲ್ಲಿ ಇನ್ನೊಬ್ಬ ಮಗಳು ಆಶ್ಲಿ, ಟಿವಿ ಪತ್ರಕರ್ತೆ ಡಯಾನ್ ಸಾಯರ್ ಅವರ ಎದುರು ಕೂತು ಮಾತಾಡಿದರು. ಅಮ್ಮ ಬೇರೆ, ಕಾಯಿಲೆ ಬೇರೆ ಎಂದು ಬಿಡಿಸಿ ಹೇಳಿದರು. ಸಾವು ಹೇಗಾಯಿತು ಎಂಬುದು ಹೇಗಿದ್ದರೂ ಹೊರಗೆ ಬರಲಿತ್ತು. ಅದು ಮನೆಯವರ ಬಾಯಿಂದಲೇ ಬರಲಿ ಅಂತ ತಾವೇ ಹೇಳಿದರು. ಆಗಸ್ಟ್‌ನಲ್ಲಿ ಅದೇ ಕುಟುಂಬ ಪೊಲೀಸ್ ದಾಖಲೆಗಳನ್ನು ಹೊರಗೆ ಬಿಡಬೇಡಿ ಅಂತ ಕೋರ್ಟಿಗೆ ಹೋಯಿತು. 'ಟಿವಿಯಲ್ಲಿ ಹೇಳಿದವರಿಗೆ ಈಗ ಯಾಕೆ ಗುಟ್ಟು' ಅಂತ ಯಾರಾದರೂ ಕೇಳಬಹುದು. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಒಂದು ಮಾತು ಹೇಳಿದವರು ಮುಂದಿನದನ್ನೂ ಹೇಳಲೇಬೇಕೆಂದಿಲ್ಲ.

ಇಲ್ಲಿನ ಪದ್ಧತಿ ಎಲ್ಲವೂ ಸರಿ ಅಂತಲ್ಲ. ಯಾವುದನ್ನು ಕೇಳಬಾರದು ಅಂತ ಹಾಡುಗಾರರ ಪ್ರಚಾರ ನೋಡಿಕೊಳ್ಳುವ ಪಬ್ಲಿಸಿಸ್ಟ್‌ಗಳು ಮೊದಲೇ ತಿಳಿಸುವುದುಂಟು. ಅದು ಕೆಲವೊಮ್ಮೆ ಮನುಷ್ಯರಿಗಿಂತ ಜಾಸ್ತಿ ಮಾರುಕಟ್ಟೆಯನ್ನೇ ಕಾಯುತ್ತದೆ. ತಾವು ಸಲಿಂಗಿಗಳು ಎಂದು ಕಂಟ್ರಿ ಗಾಯಕಿ ಶೆಲಿ ರೈಟ್ ಹೇಳಿದ್ದು 2010ರಲ್ಲಿ, ಗಾಯಕ ಟಿ.ಜೆ. ಓಸ್ಬೋರ್ನ್ 2021ರಲ್ಲಿ. ಇಬ್ಬರೂ ತಮಗೆ ಸರಿ ಕಂಡ ಹೊತ್ತಿನಲ್ಲಿ ಹೇಳಿದರು. ಇಂಥದ್ದನ್ನು ಪತ್ರಕರ್ತರು ಕೆದಕಿ ತೆಗೆಯಬಾರದು. ಪಬ್ಲಿಸಿಸ್ಟ್ ಬೇಡ ಎನ್ನಲಿ, ಬಿಡಲಿ.

ನಾನು ಒಪ್ಪುವ ದಾರಿ ಸರಳ. ಹಾಡಿನಿಂದ ಶುರು ಮಾಡಿ. 'ಈ ಸಾಲಿನ ಬಗ್ಗೆ ಮಾತಾಡಲು ಇಷ್ಟವಿದೆಯೇ' ಅಂತ ರೆಕಾರ್ಡಿಂಗ್‌ಗೆ ಮುಂಚೆಯೇ ಕೇಳಿ. ಅವರು ಸುಮ್ಮನಾದರೆ ತಕ್ಷಣ ಇನ್ನೊಂದು ಪ್ರಶ್ನೆ ಎಸೆಯಬೇಡಿ, ಸ್ವಲ್ಪ ಕಾಯಿರಿ. ಬೇಡ ಎಂದರೆ ಅದನ್ನೇ ತಿರುಗಿಸಿ ಮತ್ತೆ ಕೇಳಬೇಡಿ. ಹಾಡಿನಲ್ಲಿ ಬರುವ ಮಾಜಿ ಹೆಂಡತಿಯೋ ಮಗುವೋ ಸಂದರ್ಶನಕ್ಕೆ ಒಪ್ಪಿದವರಲ್ಲ, ಅವರ ಹೆಸರು, ಊರು ಬೇಕಿಲ್ಲ. ಆತ್ಮಹತ್ಯೆಯ ಮಾತು ಬಂದರೆ ಹೇಗೆ ಮಾಡಿಕೊಂಡರು ಎಂಬ ವಿವರವೂ ಬೇಡ. ಅದರ ಬದಲು ಸಹಾಯವಾಣಿ ನಂಬರ್ ಹಾಕಿ. ಭಾರತದಲ್ಲಿ 2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೂ ಮಾತಾಡಬಹುದು. ನಮ್ಮ ಚಾನೆಲ್‌ಗಳು ಇಂಥ ಸುದ್ದಿ ಓದುವಷ್ಟು ಹೊತ್ತೂ ಆ ನಂಬರನ್ನು ಪರದೆಯ ಮೇಲೆ ಇಡಲಿ.